ದಡದಿಂದಲೇ ಇಳಿಯುವ ಡೈವ್ ಜಾಗ ಹುಡುಕೋದು ಹೇಗೆ? ನಾನು ಒಬ್ಬಳೇ ತಿರುಗುವವಳು (ಬೆಳಗಾವಿ)

ಟಿಳಕವಾಡಿ ತಾರಾ
ಎಲ್ಲರಿಗೂ ನಮಸ್ಕಾರ ರೀ. ನಾನು ಬೆಳಗಾವಿಯವಳು. ಸ್ಕೂಬಾ ಡೈವಿಂಗ್‌ನ ಅಡ್ವಾನ್ಸ್ಡ್ ಓಪನ್ ವಾಟರ್ ಸರ್ಟಿಫಿಕೇಟ್ ಇದೆ. ನೇತ್ರಾಣಿ ದ್ವೀಪದಲ್ಲಿ, ಅಂಡಮಾನ್‌ನಲ್ಲಿ ಡೈವ್ ಮಾಡಿದ್ದೇನೆ. ಹೋಗುವುದು ಯಾವಾಗಲೂ ಒಬ್ಬಳೇ. ಮನೆಯಲ್ಲಿ ಯಾರಿಗೂ ನೀರಿನ ಹುಚ್ಚಿಲ್ಲ, ಗೆಳತಿಯರಿಗೆ ರಜೆ ಹೊಂದುವುದಿಲ್ಲ.

ತೊಂದರೆ ಇರುವುದು ದೋಣಿಯದ್ದು. ಒಬ್ಬಳೇ ಅಂದ ಕೂಡಲೇ "ಮೇಡಂ, ಇನ್ನೂ ಮೂರು ಜನ ಬಂದರೆ ಬಿಡ್ತೀವಿ" ಅಂತ ಕಾಯಿಸುತ್ತಾರೆ. ಸಂಜೆವರೆಗೆ ಕೂತು, "ನಾಳೆ ನೋಡೋಣ" ಅನ್ನಿಸಿಕೊಂಡು ರೂಮಿಗೆ ವಾಪಸ್. ದೋಣಿ ಬಿಟ್ಟರೂ ಮೊದಲ ಸಲ ನೀರಿಗಿಳಿಯುವವರ ಗುಂಪಿಗೆ ಸೇರಿಸುತ್ತಾರೆ, ಇಪ್ಪತ್ತು ನಿಮಿಷಕ್ಕೆ ಮೇಲೆ ಬಾ ಅಂತ ಕೈ ಮಾಡುತ್ತಾರೆ. ನನಗೆ ಬೇಕಾಗಿರುವುದು ಒಂದೇ ಬಂಡೆಯ ಮುಂದೆ ನಿಧಾನಕ್ಕೆ ನಿಂತು ಸಣ್ಣ ಜೀವಿಗಳನ್ನು ನೋಡೋದು.

ಅದಕ್ಕೇ ಕೇಳುತ್ತಿದ್ದೇನೆ. ದಡದಿಂದ ನಡೆದೇ ಹೋಗಿ ಡೈವ್ ಮಾಡುವ ಜಾಗ ಎಲ್ಲಿವೆ? ಗೊತ್ತಿಲ್ಲದ ಊರಿಗೆ ಹೋದಾಗ ನೀವು ಅಂಥ ಜಾಗವನ್ನು ಹೇಗೆ ಪತ್ತೆ ಹಚ್ಚುತ್ತೀರಿ? ಸಂಕ್ರಾಂತಿ ಮುಗಿದ ಮೇಲೆ ಎರಡು ವಾರ ರಜೆ ಸಿಗುತ್ತದೆ. ಬಾಲಿಯ ತುಲಂಬೆನ್ ತಲೆಯಲ್ಲಿದೆ. ಶನಿವಾರ-ಭಾನುವಾರಕ್ಕೆ ಬೆಳಗಾವಿ ಹತ್ತಿರ ಏನಾದರೂ ಇದ್ದರೆ ಅದನ್ನೂ ಹೇಳಿ.

ಗುಮ್ಮಟನಗರಿ
ಬೆಳಗಾವಿಯವರಿಗೆ ಸಮುದ್ರ ಮೂರ್ನಾಲ್ಕು ತಾಸು. ನಮಗೆ ವಿಜಯಪುರದಿಂದ ಇಡೀ ರಾತ್ರಿ ಬಸ್ಸು. ಆದರೂ ನಾವೂ ಹೋಗುತ್ತೇವೆ. ಈ ದೋಣಿ ಕಥೆ ನಮಗೂ ಆಗಿದೆ ಅಕ್ಕಾ, ಉತ್ತರ ನೋಡಲು ಕಾಯುತ್ತೇನೆ.

ಮಾಳವಣ ದಾರಿ
ಹತ್ತಿರದ್ದು ಮೊದಲು ಹೇಳಿಬಿಡುತ್ತೇನೆ. ಮಾಳವಣ. ಆಂಬೋಲಿ ಘಾಟ್ ಇಳಿದು ಸಾವಂತವಾಡಿ, ಕುಡಾಳ ಮೇಲೆ ಹೋಗುವುದು. ಸಿಂಧುದುರ್ಗ ಕೋಟೆಯ ಸುತ್ತ ಬಂಡೆ, ಹವಳ ಎಲ್ಲ ಇದೆ. 1987ರಲ್ಲೇ ಅದನ್ನು ಸಾಗರ ಅಭಯಾರಣ್ಯ ಅಂತ ಘೋಷಿಸಿದ್ದಾರೆ. ಆದರೆ ಅಲ್ಲಿ ಸಿಲಿಂಡರ್ ಕಟ್ಟಿಕೊಂಡು ದಡದಿಂದ ಇಳಿಯುವ ಪದ್ಧತಿ ಇಲ್ಲ. ಎಲ್ಲ ದೋಣಿಯೇ, ಆಳವೂ ಕಡಿಮೆ, ರಜೆಯ ದಿನ ಜಾತ್ರೆ. ತಾರ್ಕರ್ಲಿಯಲ್ಲಿ ಮಹಾರಾಷ್ಟ್ರ ಪ್ರವಾಸೋದ್ಯಮ ನಿಗಮದ ಸ್ಕೂಬಾ ತರಬೇತಿ ಸಂಸ್ಥೆ ಇದೆ, ಕೋರ್ಸ್ ಮಾಡುವವರಿಗೆ ಒಳ್ಳೆಯದು.

ನಾನು ಮಾಡುವುದು ಬೇರೆ. ಇಳಿತದ ಹೊತ್ತಿಗೆ ಬಂಡೆ ಸಾಲಿಗೆ ಹೋಗಿ ಮಾಸ್ಕ್, ಸ್ನಾರ್ಕಲ್ (ಉಸಿರಾಡುವ ಕೊಳವೆ) ಅಷ್ಟೇ ಹಾಕಿಕೊಂಡು ನೋಡುತ್ತೇನೆ. ನಮಗೆ ಮರಾಠಿ ಬರುತ್ತದಲ್ಲ, ಮೀನುಗಾರರ ಹತ್ತಿರ ಮಾತಾಡಿದರೆ ಯಾವ ಬಂಡೆ ಕಡೆ ನೀರು ತಿಳಿ ಇದೆ ಅಂತ ಅವರೇ ತೋರಿಸುತ್ತಾರೆ.

ಘಟಪ್ರಭಾ ಗಾಳ
ಗೋವಾ ಬಿಟ್ಟೇ ಬಿಟ್ಟಿರಲ್ಲ. ಚೋರ್ಲಾ ಘಾಟ್ ಇಳಿದರೆ ಗೋವಾ. ಗ್ರಾಂಡೆ ದ್ವೀಪ ಇದೆ, ಮುಳುಗಿದ ಹಡಗು ಇದೆ.

ಮಾಳವಣ ದಾರಿ
ಅದೂ ದೋಣಿಯದ್ದೇ ಅಣ್ಣಾ. ಅವರು ಕೇಳಿದ್ದು ದಡದ್ದು.

ಕಡಲಾಮೆ
ನಾನು ಕಾರವಾರದವಳು. ಮದುವೆಯಾಗಿ ಬಾಗಲಕೋಟೆಗೆ ಬಂದೆ, ಇಲ್ಲೇ ಶಾಲೆಯಲ್ಲಿ ಪಾಠ ಮಾಡುತ್ತೇನೆ. ನಮ್ಮ ಕರಾವಳಿಯಲ್ಲಿ ದಡದ ಡೈವ್ ಯಾಕೆ ಇಲ್ಲ ಅಂತ ಒಂದು ಸಲ ಅರ್ಥ ಮಾಡಿಕೊಂಡರೆ, ಬೇರೆ ದೇಶದಲ್ಲಿ ಎಲ್ಲಿ ಇರುತ್ತದೆ ಅನ್ನುವುದೂ ಗೊತ್ತಾಗುತ್ತದೆ.

ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ಅಷ್ಟು ಸಣ್ಣ ದೂರದಲ್ಲಿ ಇಷ್ಟು ನದಿ ಸಮುದ್ರಕ್ಕೆ ಬೀಳುತ್ತವೆ. ಘಟ್ಟದ ಮಣ್ಣೆಲ್ಲ ದಡದ ನೀರಿನಲ್ಲೇ ತೇಲುತ್ತಿರುತ್ತದೆ. ಮೇಲಾಗಿ ತಳ ಬಹಳ ನಿಧಾನಕ್ಕೆ ಇಳಿಜಾರು, ಬರೀ ಮರಳು. ಅರ್ಧ ಕಿಲೋಮೀಟರ್ ಈಜಿದರೂ ಆಳ ಸಿಗುವುದಿಲ್ಲ, ಕೈ ಚಾಚಿದರೆ ಬೆರಳು ಕಾಣುವುದಿಲ್ಲ. ನೇತ್ರಾಣಿ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಒಳಗೆ ಇರುವುದರಿಂದಲೇ ಅಲ್ಲಿ ನೀರು ತಿಳಿ. ಜೂನ್‌ನಿಂದ ಸೆಪ್ಟೆಂಬರ್ ಎಲ್ಲ ಬಂದ್.

ಹಾಗಾದರೆ ದಡದ ಡೈವ್ ಎಲ್ಲಿ? ದೊಡ್ಡ ನದಿ ಬೀಳದ, ದಡದಿಂದ ಸ್ವಲ್ಪ ದೂರಕ್ಕೇ ತಳ ಕಡಿದಾಗಿ ಇಳಿಯುವ ಕಡೆ. ಜ್ವಾಲಾಮುಖಿ ದ್ವೀಪಗಳು, ಹವಳದ ದ್ವೀಪಗಳು, ಮರಳುಗಾಡಿನ ಅಂಚಿನ ಸಮುದ್ರ. ಬಾಲಿ, ಫಿಲಿಪ್ಪೀನ್ಸ್, ಕೆಂಪು ಸಮುದ್ರ, ಬೊನೇರ್ ಎಲ್ಲ ಈ ಲೆಕ್ಕಕ್ಕೇ ಬರುತ್ತವೆ.

ಖಾನಾಪುರ ಕಾಡು
ಅಕ್ಕಾವ್ರೆ, ನೀವು ಹೇಳಿದ್ದು ನಮ್ಮ ಮಹದಾಯಿಗೂ ಸೇರುತ್ತದೆ. ಖಾನಾಪುರದ ಕಾಡಿನಲ್ಲಿ ಹುಟ್ಟಿ ಗೋವಾ ಕಡೆ ಇಳಿಯುತ್ತದೆ. ಮಲಪ್ರಭಾ ಅದೇ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಪೂರ್ವಕ್ಕೆ ಹೋಗಿ ಕೃಷ್ಣೆ ಸೇರುತ್ತದೆ. ಒಂದೇ ಮಳೆ ಎರಡು ಸಮುದ್ರಕ್ಕೆ ಹಂಚಿಕೆ.

ಟಿಳಕವಾಡಿ ತಾರಾ
ಕಡಲಾಮೆ ಅಕ್ಕಾ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಬೊನೇರ್ ಬಗ್ಗೆ ಎಲ್ಲರೂ ಹೇಳುತ್ತಾರೆ, ಆದರೆ ಕೆರಿಬಿಯನ್‌ವರೆಗೆ ಹೋಗುವ ದುಡ್ಡಿಲ್ಲ.

ಕಡಲಾಮೆ
ಬೊನೇರ್ ಒಂದು ಮಾದರಿ ಅಂತ ತಿಳಿದುಕೊಳ್ಳಿ ಸಾಕು. 1979ರಿಂದ ಇಡೀ ದ್ವೀಪದ ಸುತ್ತಲ ಸಮುದ್ರ ಸಂರಕ್ಷಿತ. ರಸ್ತೆ ಬದಿಗೆ ಹಳದಿ ಬಣ್ಣ ಹಚ್ಚಿದ ಕಲ್ಲಿನ ಮೇಲೆ ಡೈವ್ ಜಾಗದ ಹೆಸರು ಬರೆದಿರುತ್ತಾರೆ. ಗಾಡಿ ನಿಲ್ಲಿಸಿ, ಸಿಲಿಂಡರ್ ಕಟ್ಟಿಕೊಂಡು ಇಳಿಯುವುದು. ಬೇರೆ ಎಲ್ಲೂ ಅಷ್ಟು ಸಲೀಸಾಗಿ ಇರುವುದಿಲ್ಲ, ನಾವೇ ಹುಡುಕಬೇಕು.

ಆಲಮಟ್ಟಿ ಹಿನ್ನೀರು
ಅಷ್ಟು ದೂರ ಯಾಕೆ ರೀ, ಆಲಮಟ್ಟಿ ಹಿನ್ನೀರಿನಲ್ಲಿ ಇಳಿಯಬಹುದಲ್ಲ? ನೀರು ಬೇಕಾದಷ್ಟಿದೆ.

ಕಡಲಾಮೆ
ಬೇಡ ತಮ್ಮಾ. ಕೃಷ್ಣೆಯಲ್ಲಿ ಮೊಸಳೆ ಇವೆ. ನೀರು ರಾಡಿ. ತಳದಲ್ಲಿ ಮುಳುಗಿದ ಗಿಡಗಂಟಿ, ಹಳೇ ಊರಿನ ಗೋಡೆ, ಮೀನಿನ ಬಲೆ. ಅಣೆಕಟ್ಟೆಯ ಗೇಟಿನ ಹತ್ತಿರ ಸೆಳೆತ ಬೇರೆ. ಇದನ್ನು ಓದಿ ಯಾರಾದರೂ ಹುಡುಗರು ಪ್ರಯತ್ನ ಮಾಡಿಯಾರು ಅಂತ ಸ್ಪಷ್ಟವಾಗಿ ಬರೆಯುತ್ತಿದ್ದೇನೆ.

ಒಂಟಿ ಈಜುಗಾರ
ಮೂಲ ಪ್ರಶ್ನೆಗೆ ಬರೋಣ. ಒಬ್ಬರೇ ಹೋಗುವವರು ಒಬ್ಬರೇ ಇಳಿಯುವುದನ್ನೂ ಕಲಿಯಬೇಕು. ಜೊತೆಗಾರ ಬೇಕೇ ಬೇಕು ಅನ್ನುವುದು ಹಳೇ ಮಾತು. ಎಸ್‌ಡಿಐ ಅನ್ನುವ ಡೈವ್ ತರಬೇತಿ ಸಂಸ್ಥೆ 1999ರಲ್ಲೇ ಸೋಲೋ ಡೈವರ್ ಕೋರ್ಸ್ ಶುರು ಮಾಡಿದೆ. ಗೊತ್ತಿಲ್ಲದ ಜೊತೆಗಾರನನ್ನು ತಲೆಗೆ ಕಟ್ಟಿಕೊಂಡು ಇಳಿಯುವುದಕ್ಕಿಂತ ಒಬ್ಬನೇ ಇಳಿಯುವುದು ಎಷ್ಟೋ ವಾಸಿ. ಅವನ ಗಾಳಿ ಖಾಲಿಯಾಯಿತೆಂದು ನನ್ನ ಡೈವ್ ಹಾಳು. ಒಬ್ಬನೇ ಇದ್ದರೆ ಮೀನುಗಳೂ ಹೆದರುವುದಿಲ್ಲ.

ಮಾಳವಣ ದಾರಿ
ಕೋರ್ಸ್ ಶುರುವಾಗಿದ್ದು ಹೇಳಿದಿರಿ, ಅದಕ್ಕೆ ಏನು ಬೇಕು ಅನ್ನುವುದನ್ನೂ ಹೇಳಿ. 100 ಡೈವ್ ಆಗಿರಬೇಕು, 21 ವಯಸ್ಸು ತುಂಬಿರಬೇಕು. ಬೇರೆ ಸಿಲಿಂಡರ್, ಬೇರೆ ರೆಗ್ಯುಲೇಟರ್ (ಸಿಲಿಂಡರ್ ಗಾಳಿಯನ್ನು ಬಾಯಿಗೆ ಕೊಡುವ ಸಾಧನ) ಮೈಮೇಲೆ ಇರಬೇಕು. ಪಾಡಿ ಅನ್ನುವ ಇನ್ನೊಂದು ತರಬೇತಿ ಸಂಸ್ಥೆಯ ಸೆಲ್ಫ್ ರಿಲಯಂಟ್ ಕೋರ್ಸಿಗೂ 100 ಡೈವ್ ಬೇಕು. ಅಕ್ಕಾವ್ರು ಕೇಳಿದ್ದು ಒಬ್ಬರೇ ಊರು ತಿರುಗುವ ಬಗ್ಗೆ. ನೀರೊಳಗೆ ಒಬ್ಬರೇ ಇರುವುದು ಬೇರೆ ವಿಷಯ.

ಒಂಟಿ ಈಜುಗಾರ
ನಾನು ಅವೆಲ್ಲ ಮಾಡಿಯೇ ಹೇಳುತ್ತಿರುವುದು. ಎರಡನೇ ಸಿಲಿಂಡರ್ ಇಲ್ಲದೆ ನಾನು ಇಳಿಯುವುದೇ ಇಲ್ಲ.

ಇಳಕಲ್ ಅಕ್ಕ
ನಿಮಗೆ ಸರಿ ಇರಬಹುದು ರೀ. ಆದರೆ ಓದುವವರಲ್ಲಿ ನಿನ್ನೆ ಮೊನ್ನೆ ಕೋರ್ಸ್ ಮುಗಿಸಿದವರೂ ಇರುತ್ತಾರೆ. ಮೀನಿನ ಬಲೆ ಕಾಲಿಗೆ ಸುತ್ತಿಕೊಂಡರೆ ಬೆನ್ನ ಹಿಂದಿನ ಗಂಟು ಬಿಡಿಸೋಕೆ ಇನ್ನೊಂದು ಜೊತೆ ಕೈ ಬೇಕಲ್ವಾ? ನಮ್ಮ ತಮ್ಮ ಡೈವ್ ಕಲಿಸುವ ಕೆಲಸದಲ್ಲಿದ್ದಾನೆ. ಅವನು ಅಂಜುವುದು ಬಲೆಗೇ, ಮೀನಿಗೆ ಅಲ್ಲ.

ಒಂಟಿ ಈಜುಗಾರ
ಬಲೆಯ ಮಾತು ಒಪ್ಪುತ್ತೇನೆ. ಅದಕ್ಕೇ ಎರಡು ಚಾಕು ಇಟ್ಟುಕೊಳ್ಳುತ್ತೇನೆ, ಒಂದು ಎದೆ ಹತ್ತಿರ, ಒಂದು ಕಾಲಿಗೆ. ನೂರು ಡೈವ್ ಆಗದವರು ನನ್ನ ಹಾಗೆ ಮಾಡಬೇಡಿ, ಅದೂ ಹೇಳಿಬಿಡುತ್ತೇನೆ.

ಟಿಳಕವಾಡಿ ತಾರಾ
ನನಗೂ ಒಬ್ಬಳೇ ಇಳಿಯುವ ಧೈರ್ಯ ಇಲ್ಲ, ಬೇಕಾಗಿಯೂ ಇಲ್ಲ. ಊರಿಗೆ ಒಬ್ಬಳೇ ಹೋಗಿ, ದಡದಲ್ಲಿ ಒಬ್ಬ ಗೈಡ್ ಹಿಡಿದುಕೊಂಡು, ದೋಣಿಯ ಹಂಗಿಲ್ಲದೆ ಇಳಿಯುವುದು. ಅಷ್ಟೇ.

ಪೂರ್ವ ತೀರ
ಹಾಗಾದರೆ ತುಲಂಬೆನ್ ಆ ಲೆಕ್ಕಕ್ಕೆ ಹೇಳಿ ಮಾಡಿಸಿದ ಜಾಗ. ಲಿಬರ್ಟಿ ಅನ್ನುವ ಅಮೆರಿಕದ ಸರಕು ಹಡಗು, 1942ರಲ್ಲಿ ಜಪಾನಿನ ಸಬ್‌ಮರೀನ್ ಟಾರ್ಪಿಡೊ ಹೊಡೆಯಿತು. ಹೇಗೋ ಎಳೆದು ತಂದು ದಡಕ್ಕೆ ಹಚ್ಚಿದರು. 1963ರಲ್ಲಿ ಆಗುಂಗ್ ಜ್ವಾಲಾಮುಖಿ ಸಿಡಿದಾಗ ದಡದಿಂದ ನೀರಿಗೆ ಜಾರಿತು. ಈಗ ದಡದಿಂದ ಸ್ವಲ್ಪವೇ ದೂರ, ಮೇಲಿನ ತುದಿ ಸುಮಾರು 5 ಮೀಟರ್ ಆಳದಲ್ಲಿ, ಕೆಳಗಿನದು 30ರ ಹತ್ತಿರ. ಸಿಲಿಂಡರ್‌ಗಳನ್ನು ಊರಿನ ಹೆಣ್ಣುಮಕ್ಕಳು ತಲೆ ಮೇಲೆ ಹೊತ್ತು ತಂದು ನೀರಿನ ಅಂಚಿಗೆ ಇಡುತ್ತಾರೆ. ಅವರಿಗೆ ಕೊಡಬೇಕಾದ್ದನ್ನು ಚೌಕಾಸಿ ಮಾಡದೆ ಕೊಡಿ.

ಅಲ್ಲಿ ದಡ ಮರಳಲ್ಲ, ದುಂಡು ಕಲ್ಲು. ಹಿಮ್ಮಡಿ ಮುಚ್ಚುವ, ತಳ ದಪ್ಪ ಇರುವ ಬೂಟು ಬೇಕೇ ಬೇಕು. ಅಲೆ ಗುಂಪು ಗುಂಪಾಗಿ ಬರುತ್ತದೆ, ಐದಾರು ದೊಡ್ಡವು ಬಂದ ಮೇಲೆ ಸ್ವಲ್ಪ ಬಿಡುವು. ಆ ಬಿಡುವಿನಲ್ಲಿ ಸೊಂಟದ ಮಟ್ಟದವರೆಗೆ ನಡೆದು ಹೋಗಿ, ಆಮೇಲೆ ಫಿನ್ (ಕಾಲಿಗೆ ಹಾಕುವ ಈಜುರೆಕ್ಕೆ) ಹಾಕಿಕೊಳ್ಳಿ. ದಡದಲ್ಲೇ ಫಿನ್ ಹಾಕಿಕೊಂಡು ಆ ಕಲ್ಲಿನ ಮೇಲೆ ನಡೆಯಲು ಆಗುವುದಿಲ್ಲ. ಮಾಸ್ಕ್ ಹಾಕಿಕೊಂಡು, ರೆಗ್ಯುಲೇಟರ್ ಬಾಯಲ್ಲಿ ಇಟ್ಟುಕೊಂಡೇ ನಡೆಯಿರಿ. ಬಿದ್ದರೂ ಉಸಿರು ಸಿಗುತ್ತದೆ.

ಹಡಗಿಗೆ ಹೋಗುವ ದಾರಿಯಲ್ಲಿ ಕಪ್ಪು ಮರಳಿನ ಇಳಿಜಾರು ಬರುತ್ತದೆ. ಜನ ಅದನ್ನು ದಾಟಿ ಓಡುತ್ತಾರೆ. ಅಲ್ಲೇ ನಿಲ್ಲಿ. ಗಾರ್ಡನ್ ಈಲ್ ಅನ್ನುವ ಹಾವುಮೀನುಗಳು ಅರ್ಧ ಮೈ ಮರಳಿನಲ್ಲಿ ಹೂತು, ಉಳಿದರ್ಧ ಮೇಲೆ ಎತ್ತಿಕೊಂಡು, ಹೊಲದಲ್ಲಿ ಜೋಳದ ಸಸಿ ಗಾಳಿಗೆ ಬಾಗಿದ ಹಾಗೆ ಎಲ್ಲ ಒಂದೇ ದಿಕ್ಕಿಗೆ ಬಾಗಿ ನಿಂತಿರುತ್ತವೆ. ನೀವು ಒಂದು ಸಲ ಜೋರಾಗಿ ಉಸಿರು ಬಿಟ್ಟರೆ ಹತ್ತಿರದ್ದು ಒಳಗೆ, ಆಮೇಲೆ ಅದರ ಪಕ್ಕದ್ದು. ಬಗ್ಗಿ, ಮಂಡಿ ತಾಗಿಸದೆ, ಸಣ್ಣಗೆ ಉಸಿರಾಡುತ್ತಾ ಕಾಯಿರಿ. ಮೊದಲು ಕಣ್ಣು ಹೊರಗೆ ಬರುತ್ತದೆ. ದೊಡ್ಡ ಕಣ್ಣು. ನಿಮ್ಮನ್ನು ನೋಡಿ, ನೀರಿನಲ್ಲಿ ತೇಲಿ ಬರುವ ಕಣವನ್ನು ಚಕ್ಕನೆ ಕಚ್ಚಿ, ಇನ್ನೊಂದು ಬೆರಳಷ್ಟು ಮೇಲೆ ಏಳುತ್ತದೆ. ಇದನ್ನು ನೋಡೋಕೆ ದೋಣಿಯವರು ಯಾರೂ ಸಮಯ ಕೊಡುವುದಿಲ್ಲ ಅಕ್ಕಾ.

ಗುಮ್ಮಟನಗರಿ
ಕೊನೇ ಪ್ಯಾರಾ ಎರಡು ಸಲ ಓದಿದೆ ರೀ.

ಕಡಲಾಮೆ
ಎಲ್ಲ ಸರಿ, ಆದರೆ ಜನವರಿಯಲ್ಲಿ ಬಾಲಿ? ಅದು ಅಲ್ಲಿ ಮಳೆಗಾಲ. ಅಲೆಯೂ ಜಾಸ್ತಿ. ಡೈವ್ ಆಗುವುದೇ ಇಲ್ಲ ಅಂತಲ್ಲ, ಆದರೆ ದುಂಡು ಕಲ್ಲಿನ ದಡ, ದೊಡ್ಡ ಅಲೆ, ಒಬ್ಬರೇ ಹೋದವರು. ಮೇನಿಂದ ಅಕ್ಟೋಬರ್ ಅಲ್ಲಿಗೆ ಒಳ್ಳೆಯದು.

ಪೂರ್ವ ತೀರ
ಹೌದು, ಸಂಕ್ರಾಂತಿ ಅಂದಿದ್ದನ್ನು ನೋಡಲಿಲ್ಲ. ಜನವರಿಗೆ ಫಿಲಿಪ್ಪೀನ್ಸ್ ನೋಡಿ. ಸೆಬು ದ್ವೀಪದ ಮೋವಲ್‌ಬೋವಲ್ ಊರಿನ ಪನಗ್ಸಾಮಾ ದಡ. ನಡೆದು ಇಳಿದು ಸ್ವಲ್ಪ ಈಜಿದರೆ ತಳ ಗೋಡೆಯ ಹಾಗೆ ನೆಟ್ಟಗೆ ಬೀಳುತ್ತದೆ. ಆ ಗೋಡೆಯ ಪಕ್ಕದಲ್ಲಿ ವರ್ಷವಿಡೀ ತಾರ್ಲೆ ಮೀನಿನ ರಾಶಿ. ಬಿಸಿಲು ಮುಚ್ಚಿಹೋಗುವಷ್ಟು. ಸಿಲಿಂಡರ್ ಇಲ್ಲದೆ ಸ್ನಾರ್ಕಲ್‌ನಲ್ಲೂ ಕಾಣುತ್ತದೆ. ಸಣ್ಣ ಜೀವಿಗಳ ಹುಚ್ಚು ಇದ್ದರೆ ಪಕ್ಕದ ನೀಗ್ರೋಸ್ ದ್ವೀಪದ ದೌಯಿನ್. ಬರೀ ಕಪ್ಪು ಮರಳು, ಮೊದಲ ನೋಟಕ್ಕೆ ಏನೂ ಇಲ್ಲ ಅನ್ನಿಸುತ್ತದೆ. ಫ್ರಾಗ್‌ಫಿಶ್, ಬೇರೆ ಪ್ರಾಣಿಯ ವೇಷ ಹಾಕುವ ಮಿಮಿಕ್ ಆಕ್ಟೋಪಸ್ ಎಲ್ಲ ಅಲ್ಲೇ. ಅಲ್ಲಿ ಗೈಡ್ ಇಲ್ಲದೆ ಹೋದರೆ ಅರ್ಧವೂ ಕಣ್ಣಿಗೆ ಬೀಳುವುದಿಲ್ಲ.

ಘಟಪ್ರಭಾ ಗಾಳ
ತಾರ್ಲೆ ಅಂದರೆ ಕಾರವಾರದಿಂದ ನಮ್ಮ ಸಂತೆಗೆ ಬರುತ್ತದಲ್ಲ, ಅದೇನಾ? ಅದನ್ನು ಹುರಿದು ತಿಂದಿದ್ದೇವೆ, ಜೀವಂತ ನೋಡಿಲ್ಲ.

ಕಡಲಾಮೆ
ಅದೇ ಕುಟುಂಬದ್ದು ಅಣ್ಣಾ. ಮಂಗಳೂರು ಕಡೆ ಬೂತಾಯಿ ಅನ್ನುತ್ತಾರೆ.

ಇಳಕಲ್ ಅಕ್ಕ
ಅಂಡಮಾನ್ ಬಿಡಬೇಡಿ. ದೇಶದೊಳಗೇ ದಡದ ಡೈವ್ ಅಂದರೆ ಹ್ಯಾವ್ಲಾಕ್ ದ್ವೀಪದ (ಈಗ ಸ್ವರಾಜ್ ದ್ವೀಪ ಅಂತ ಹೆಸರು) ನೀಮೋ ರೀಫ್, ಅಂದರೆ ಹವಳದ ದಿಬ್ಬ. ಮರಳಿನಿಂದ ನಡೆದು ಇಳಿಯುವುದು. ಹೊಸಬರಿಗೆ ಅಲ್ಲೇ ಕಲಿಸುವುದರಿಂದ ಸರ್ಟಿಫಿಕೇಟ್ ಇದ್ದವರು ಮೂಗು ಮುರಿಯುತ್ತಾರೆ. ಬೆಳಗ್ಗೆ ಬೇಗ, ಗುಂಪು ಬರುವ ಮುಂಚೆ, ಒಬ್ಬ ಗೈಡ್ ಜೊತೆ ಹೋಗಿ ನೋಡಿ. ಮೀನು, ಹವಳ ಎಲ್ಲ ನಿಮ್ಮದೇ. ಇಳಿತದಲ್ಲಿ ಹೋಗಬೇಡಿ. ಆ ಕಡೆಯ ದಡದಲ್ಲಿ ನೀರು ಬಹಳ ದೂರ ಹಿಂದೆ ಸರಿಯುತ್ತದೆ, ಹವಳದ ಮೇಲೆ ಕಾಲಿಟ್ಟುಕೊಂಡೇ ಹೋಗಬೇಕಾಗುತ್ತದೆ.

ಇನ್ನೊಂದು ಮಾತು. ಅಂಡಮಾನ್‌ನಲ್ಲಿ ಉಪ್ಪುನೀರಿನ ಮೊಸಳೆ ಇವೆ. 2010ರಲ್ಲಿ ರಾಧಾನಗರ ಕಡೆ ಸ್ನಾರ್ಕಲ್ ಮಾಡುತ್ತಿದ್ದ ಅಮೆರಿಕದ ಪ್ರವಾಸಿಯೊಬ್ಬರು ಸತ್ತರು. ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಇರುವ ಹಳ್ಳದ ಬಾಯಿ ಕಡೆ ಹೋಗಲೇಬೇಡಿ. ಬೋರ್ಡ್ ಇದ್ದರೆ ಓದಿ, ಇಲ್ಲದಿದ್ದರೆ ಊರಿನವರನ್ನು ಕೇಳಿ.

ಬಾದಾಮಿ ಬಸು
ಎಲ್ಲರ ಮಾತಿನ ಮಧ್ಯೆ ಬಂದಿದ್ದಕ್ಕೆ ಬೇಜಾರಾಗಬೇಡಿ. ನನಗೆ ಸರ್ಟಿಫಿಕೇಟ್ ಏನೂ ಇಲ್ಲ. ಚಿಕ್ಕಂದಿನಿಂದ ಹೊಲದ ಬಾವಿಯಲ್ಲಿ ಈಜುತ್ತೇನೆ, ತಳದಿಂದ ಕೊಡ ಎತ್ತಿಕೊಂಡು ಬರುತ್ತೇನೆ. ನಾನು ನೇರ ಡೈವ್ ಮಾಡಬಹುದಾ?

ಕಿವಿ ಮೂಗು ಗಂಟಲು
ಬಸು ಅವರೇ, ನೀರಿನ ಭಯ ಇಲ್ಲ ಅನ್ನುವುದು ಅರ್ಧ ಕೆಲಸ ಮುಗಿದ ಹಾಗೆ. ಓಪನ್ ವಾಟರ್ ಕೋರ್ಸಿನಲ್ಲಿ 200 ಮೀಟರ್ ಈಜು, 10 ನಿಮಿಷ ತೇಲುವುದು ಕೇಳುತ್ತಾರೆ, ನಿಮಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ ಬಾವಿಯ ಒಂದು ರೂಢಿಯನ್ನು ಪೂರ್ತಿ ಬಿಡಬೇಕು. ಬಾವಿಯಲ್ಲಿ ಉಸಿರು ಕಟ್ಟಿ ಮೇಲೆ ಬರುತ್ತೀರಿ. ಸಿಲಿಂಡರ್‌ನ ಗಾಳಿ ಎಳೆದುಕೊಂಡು ಉಸಿರು ಕಟ್ಟಿ ಮೇಲೆ ಬಂದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯಬಹುದು. 10 ಮೀಟರ್‌ನಿಂದ ಮೇಲಕ್ಕೆ ಬಂದರೆ ಅದೇ ಗಾಳಿ ಎರಡು ಪಟ್ಟು ಜಾಗ ಬೇಡುತ್ತದೆ. ಅದಕ್ಕೇ ಕೋರ್ಸ್ ಬೇಕು.

ನಾನು ಬೆಳಗಾವಿಯಲ್ಲಿ ಕಿವಿ ಡಾಕ್ಟರ್, ನನಗೂ ಡೈವ್ ಹುಚ್ಚು ಇದೆ. ಎಲ್ಲರಿಗೂ ಒಂದು ಮಾತು. ನೆಗಡಿ ಇದ್ದರೆ ಇಳಿಯಬೇಡಿ. ಮೂಗು ಬಿಡಿಸುವ ಮಾತ್ರೆ ನುಂಗಿ ಇಳಿಯುವುದು ಇನ್ನೂ ಕೆಟ್ಟದ್ದು. ಕೆಳಗೆ ಇರುವಾಗ ಮಾತ್ರೆಯ ಶಕ್ತಿ ಇಳಿದರೆ ಮೇಲೆ ಬರುವಾಗ ಕಿವಿಯ ಗಾಳಿ ಹೊರಗೆ ಹೋಗುವುದಿಲ್ಲ. ಕೆಳಗೆ ಹೋಗುವುದನ್ನು ಬೇಡ ಅನ್ನಬಹುದು, ಮೇಲೆ ಬರುವುದನ್ನು ಬೇಡ ಅನ್ನಲು ಆಗುವುದಿಲ್ಲ.

ಮಾಳವಣ ದಾರಿ
ಡಾಕ್ಟ್ರೇ, ಘಾಟ್ ಬಗ್ಗೆಯೂ ಹೇಳಿಬಿಡಿ. ನಮ್ಮ ಕಡೆಯವರು ಯಾರೂ ಇದನ್ನು ತಲೆಗೆ ಹಾಕಿಕೊಳ್ಳುವುದಿಲ್ಲ.

ಕಿವಿ ಮೂಗು ಗಂಟಲು
ಒಳ್ಳೆಯದಾಯಿತು ಕೇಳಿದ್ದು. ಡೈವ್ ಆದ ಮೇಲೆ ವಿಮಾನ ಹತ್ತಬಾರದು ಅಂತ ಎಲ್ಲರಿಗೂ ಗೊತ್ತು. ಒಂದೇ ಡೈವ್ ಆದರೆ ಕನಿಷ್ಠ 12 ತಾಸು, ಒಂದಕ್ಕಿಂತ ಜಾಸ್ತಿ ಅಥವಾ ದಿನ ದಿನ ಮಾಡಿದ್ದರೆ 18 ತಾಸು. ಈ ಲೆಕ್ಕ ವಿಮಾನಕ್ಕೆ ಮಾತ್ರ ಅಲ್ಲ. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಅನ್ನುವ ಡೈವ್ ಸುರಕ್ಷತೆಯ ಸಂಸ್ಥೆ ಈ ಸಲಹೆ ಕೊಟ್ಟಿರುವುದು 2,000ದಿಂದ 8,000 ಅಡಿ ಎತ್ತರಕ್ಕೆ. 2,000 ಅಡಿ ಅಂದರೆ ಸುಮಾರು 610 ಮೀಟರ್. ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡವೇ ಸಮುದ್ರದ ದಡಕ್ಕಿಂತ ಪ್ರತಿಶತ 8-9 ಕಡಿಮೆ.

ಡೈವ್ ಮಾಡುವಾಗ ಮೈಗೆ ನೈಟ್ರೋಜನ್ ಸೇರುತ್ತದೆ. ಅದು ನಿಧಾನಕ್ಕೆ ಹೊರಗೆ ಹೋಗಬೇಕು. ಮಧ್ಯಾಹ್ನ ಮಾಳವಣದಲ್ಲೋ ಗೋವಾದಲ್ಲೋ ಎರಡು ಡೈವ್ ಮುಗಿಸಿ, ಊಟ ಮಾಡಿ, ನಾಲ್ಕಕ್ಕೆ ಕಾರು ಹತ್ತಿ ಏಳಕ್ಕೆ ಬೆಳಗಾವಿ ಸೇರಿದರೆ, ಮೈ ಲೆಕ್ಕದಲ್ಲಿ ನೀವು ಇನ್ನೂ ಮೇಲೇಳುತ್ತಲೇ ಇದ್ದೀರಿ. ಕೀಲು ನೋವು, ಜುಮ್ ಜುಮ್, ವಿಪರೀತ ಸುಸ್ತು. ಪ್ರಯಾಣದ ಆಯಾಸ ಅಂತ ಮಲಗಿಬಿಡುತ್ತಾರೆ. ಹಾಗೆ ಮಲಗಬೇಡಿ, ಆಕ್ಸಿಜನ್ ಸಿಗುವ ಆಸ್ಪತ್ರೆಗೆ ಹೋಗಿ, ಡೈವ್ ಮಾಡಿದ್ದನ್ನು ಮೊದಲು ಹೇಳಿ.

ಘಟಪ್ರಭಾ ಗಾಳ
ನಮ್ಮ ಹುಡುಗರು ಎಷ್ಟೋ ಸಲ ಗೋವಾದಿಂದ ಅದೇ ದಿನ ಬಂದಿದ್ದಾರೆ. ಯಾರಿಗೂ ಏನೂ ಆಗಿಲ್ಲ ರೀ.

ಕಿವಿ ಮೂಗು ಗಂಟಲು
ಐದಾರು ಮೀಟರ್ ಆಳದಲ್ಲಿ ಹದಿನೈದು ನಿಮಿಷ ಇದ್ದು ಬಂದವರಿಗೆ ಅಪಾಯ ಕಡಿಮೆಯೇ. ತಾರಾ ಅವರ ಹಾಗೆ 18-20 ಮೀಟರ್‌ನಲ್ಲಿ ದಿನಕ್ಕೆ ಮೂರು ಸಲ ಇಳಿಯುವವರ ಲೆಕ್ಕ ಬೇರೆ. ಹೆಲ್ಮೆಟ್ ಹಾಕದೆ ಬಂದವರೆಲ್ಲ ಬಿದ್ದಿಲ್ಲ ಅನ್ನುವ ಮಾತು ಹೆಲ್ಮೆಟ್ ಬೇಡ ಅನ್ನುವುದಕ್ಕೆ ಕಾರಣ ಆಗುವುದಿಲ್ಲ ಅಣ್ಣಾ.

ಗುಮ್ಮಟನಗರಿ
ವಿಜಯಪುರ ಅಷ್ಟು ಎತ್ತರ ಇಲ್ಲ ಅಲ್ವಾ ಡಾಕ್ಟ್ರೇ? ನಾವು ಮುರುಡೇಶ್ವರದಿಂದ ರಾತ್ರಿ ಬಸ್ಸಿಗೇ ಬರುತ್ತೇವೆ.

ಕಿವಿ ಮೂಗು ಗಂಟಲು
ವಿಜಯಪುರ 600ರ ಆಸುಪಾಸು, ಬಾಗಲಕೋಟೆ ಇನ್ನೂ ಕೆಳಗೆ. ಆದರೆ ಅರಬೈಲ್ ಘಾಟ್ ಹತ್ತಿ ಹುಬ್ಬಳ್ಳಿ ಮೇಲೇ ಬರಬೇಕಲ್ಲ, ಹುಬ್ಬಳ್ಳಿ 600 ದಾಟುತ್ತದೆ. ದಾರಿಯ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಒಂದು ರಾತ್ರಿ ಕೆಳಗೇ ಉಳಿದು ಮರುದಿನ ಬನ್ನಿ.

ಟಿಳಕವಾಡಿ ತಾರಾ
ಇದನ್ನು ಯಾವ ಕೋರ್ಸಿನಲ್ಲೂ ನಮ್ಮ ಊರಿನ ಹೆಸರು ಹಿಡಿದು ಹೇಳಲಿಲ್ಲ. ವಿಮಾನ ಅಂತ ಮಾತ್ರ ಹೇಳಿದರು. ಬಹಳ ಉಪಕಾರ ಡಾಕ್ಟ್ರೇ. ಈಗ ಜಾಗ ಹುಡುಕುವ ವಿಧಾನ ಯಾರಾದರೂ ಬಿಡಿಸಿ ಹೇಳುತ್ತೀರಾ? ಹೆಸರಾದ ಜಾಗ ಬಿಟ್ಟು, ಗೊತ್ತಿಲ್ಲದ ಊರಲ್ಲಿ?

ಪೂರ್ವ ತೀರ
ನಾನು ಮಾಡುವುದು ಹೀಗೆ. ಮನೆಯಲ್ಲೇ ಕೂತು ಗೂಗಲ್ ಮ್ಯಾಪ್‌ನ ಉಪಗ್ರಹ ಚಿತ್ರ ತೆಗೆಯುತ್ತೇನೆ. ದಡದ ಹತ್ತಿರ ತಿಳಿ ಹಸಿರು, ಆಮೇಲೆ ಕಂದು ಕಲೆಗಳು, ಆಮೇಲೆ ಏಕಾಏಕಿ ಗಾಢ ನೀಲಿ. ಕಂದು ಇರುವ ಕಡೆ ಬಂಡೆ ಅಥವಾ ಹವಳ, ಗಾಢ ನೀಲಿ ಶುರುವಾಗುವ ಕಡೆ ಆಳ. ಆ ಅಂಚು ದಡದಿಂದ ನೂರು ಮೀಟರ್ ಒಳಗೆ ಇದ್ದರೆ ಗುರುತು ಹಾಕಿಕೊಳ್ಳುತ್ತೇನೆ. ನೊರೆಯ ಸಾಲಿನ ಮಧ್ಯೆ ನೊರೆ ಇಲ್ಲದ ಪಟ್ಟಿ ಕಂಡರೆ ಹುಷಾರು, ಅಲ್ಲಿ ನೀರು ಹೊರಕ್ಕೆ ಎಳೆಯುತ್ತಿರಬಹುದು.

ಆಮೇಲೆ ಐನ್ಯಾಚುರಲಿಸ್ಟ್ ಆಪ್. ನಕ್ಷೆಯಲ್ಲಿ ಅದೇ ದಡಕ್ಕೆ ಹೋಗಿ, ಮೀನು ಅಥವಾ ಮೃದ್ವಂಗಿ ಅಂತ ಆರಿಸಿಕೊಂಡರೆ ಯಾರು, ಯಾವ ತಿಂಗಳಲ್ಲಿ, ಏನು ಕಂಡರು ಅಂತ ಫೋಟೋ ಸಮೇತ ಸಿಗುತ್ತದೆ. ದಡದ ಮೇಲೇ ಚುಕ್ಕೆಗಳು ಗುಂಪಾಗಿದ್ದರೆ ಜನ ಅಲ್ಲಿಂದಲೇ ಇಳಿದಿದ್ದಾರೆ ಅಂತ ಅರ್ಥ. ಗಾಳಿ, ಅಲೆಗೆ ವಿಂಡಿ ಆಪ್ ನೋಡುತ್ತೇನೆ. ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೋ ದ್ವೀಪದ ಹಿಂಬದಿ, ಗಾಳಿಗೆ ಮರೆಯಾದ ಕಡೆ, ಶಾಂತ.

ಊರಿಗೆ ಹೋದ ದಿನ ನೀರಿಗೆ ಇಳಿಯುವುದಿಲ್ಲ. ದಡದಲ್ಲಿ ಕೂತು ನೋಡುತ್ತೇನೆ. ಬೇರೆಯವರು ಎಲ್ಲಿ ಇಳಿಯುತ್ತಾರೆ, ಎಲ್ಲಿ ಹತ್ತುತ್ತಾರೆ. ಇಳಿಯುವುದಕ್ಕಿಂತ ಹತ್ತುವ ಜಾಗ ಮುಖ್ಯ. ಎರಡನೇ ಹತ್ತುವ ಜಾಗವೂ ಗೊತ್ತಿರಬೇಕು. ಡೈವ್ ಅಂಗಡಿಗೆ ಫೋನ್ ಮಾಡುವಾಗ "ನಿಮ್ಮ ಅಂಗಡಿ ಮುಂದೆಯೇ ರೀಫ್ ಇದೆಯಾ, ಒಬ್ಬರಿಗೆ ಗೈಡ್ ಕೊಡುತ್ತೀರಾ, ಎಷ್ಟು ನಿಮಿಷ ಇರಬಹುದು" ಈ ಮೂರು ಕೇಳಿ. ಮೂರನೇದಕ್ಕೆ ಅವರು ಕೊಡುವ ಉತ್ತರದಲ್ಲೇ ಅಂಗಡಿ ಎಂಥದು ಅಂತ ಗೊತ್ತಾಗುತ್ತದೆ.

ಕಡಲಾಮೆ
ಇದಕ್ಕೆ ಅಮಾವಾಸ್ಯೆ, ಹುಣ್ಣಿಮೆ ಸೇರಿಸಿ. ಆಗ ಭರತ-ಇಳಿತ ಎರಡೂ ಜೋರು, ಸೆಳೆತವೂ ಜೋರು. ಅಷ್ಟಮಿ ಹತ್ತಿರ ನೀರು ಸಮಾಧಾನವಾಗಿರುತ್ತದೆ. ನಮ್ಮ ಅಜ್ಜ ಕ್ಯಾಲೆಂಡರ್ ನೋಡದೆ ದೋಣಿ ಬಿಡುತ್ತಿರಲಿಲ್ಲ. ರಜೆ ಹಾಕುವಾಗ ತಿಥಿ ನೋಡಿ ಹಾಕಿ ತಾರಾ. ಆದರೆ ಬಂಡೆಯ ಹೊಂಡಗಳನ್ನು ನೋಡುವುದಾದರೆ ಅಮಾವಾಸ್ಯೆಯ ಇಳಿತವೇ ಚೆನ್ನ, ಉಳಿದ ದಿನ ಕಾಣದ ಕಲ್ಲೂ ಹೊರಗೆ ಬರುತ್ತದೆ. ಚಿಪ್ಪಿಲ್ಲದ ಬಣ್ಣದ ಕಡಲ ಬಸವನಹುಳು, ಸನ್ಯಾಸಿ ಏಡಿ, ಸಮುದ್ರ ಹೂವು. ಕಲ್ಲು ಎತ್ತಿ ನೋಡಿದರೆ ಹಾಗೇ ವಾಪಸ್ ಇಡಿ, ಅಡಿಮೇಲಾಗಿ ಬಿಟ್ಟರೆ ಅಡಿಯಲ್ಲಿದ್ದ ಜೀವ ಬಿಸಿಲಿಗೆ ಸಾಯುತ್ತದೆ.

ಇಳಕಲ್ ಅಕ್ಕ
ಹವಳದ ಚೂರು ಜೇಬಿಗೆ ಹಾಕಿಕೊಳ್ಳಬೇಡಿ, ಸತ್ತದ್ದಾದರೂ ಸರಿ. ವನ್ಯಜೀವಿ ಕಾಯ್ದೆಯಲ್ಲಿ ಹವಳ, ಕಡಲಕುದುರೆ ಎಲ್ಲ ರಕ್ಷಿತ. ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೆ.

ಆಲಮಟ್ಟಿ ಹಿನ್ನೀರು
ಕುಟುಕುವ ಮೀನು ಚುಚ್ಚಿದರೆ ಏನು ಮಾಡುವುದು? ಇಲ್ಲಿ ಚೇಳಿಗೆ ಮಾಡುವ ಮದ್ದು ನಡೆಯುತ್ತದಾ?

ಕಿವಿ ಮೂಗು ಗಂಟಲು
ಲಯನ್‌ಫಿಶ್, ಸ್ಟೋನ್‌ಫಿಶ್, ತೊರಕೆ (ಬಾಲದಲ್ಲಿ ಮುಳ್ಳಿರುವ ಸ್ಟಿಂಗ್‌ರೇ ಮೀನು) ಚುಚ್ಚಿದರೆ ತಡೆಯುವಷ್ಟು ಬಿಸಿ ನೀರಿನಲ್ಲಿ, ಸುಮಾರು 45 ಡಿಗ್ರಿ, ಅರ್ಧ ತಾಸಿನಿಂದ ಒಂದೂವರೆ ತಾಸು ಅದ್ದಿಡಿ. ಚರ್ಮ ಸುಡಬಾರದು, ಚುಚ್ಚಿಸಿಕೊಳ್ಳದ ಕೈಯಿಂದ ಮೊದಲು ನೀರು ಪರೀಕ್ಷಿಸಿ. ಆಮೇಲೆ ಆಸ್ಪತ್ರೆ. ಮರಳಿನಲ್ಲಿ ನಡೆಯುವಾಗ ಪಾದ ಎತ್ತದೆ ಎಳೆದುಕೊಂಡು ನಡೆದರೆ ತೊರಕೆ ತಾನೇ ಸರಿದು ಹೋಗುತ್ತದೆ.

ಒಂಟಿ ಈಜುಗಾರ
ನನ್ನದೂ ಎರಡು ಮಾತು ಸೇರಿಸಿಕೊಳ್ಳಿ, ಗೈಡ್ ಜೊತೆ ಹೋದರೂ ಬೇಕಾಗುತ್ತದೆ. ಸ್ವಂತ ಮಾರ್ಕರ್ ಬೂಯಿ (ನೀರಿನ ಮೇಲೆ ನಾವಿರುವ ಜಾಗ ತೋರಿಸುವ ತೇಲುಗುರುತು), ಸೀಟಿ, ದಿಕ್ಸೂಚಿ. ಹೋಗುವಾಗ ಸೆಳೆತಕ್ಕೆ ಎದುರಾಗಿ ಹೋಗಿ, ದಣಿದು ಬರುವಾಗ ಅದೇ ನಿಮ್ಮನ್ನು ತರುತ್ತದೆ. ಗಾಳಿಯಲ್ಲಿ ಮೂರನೇ ಒಂದು ಭಾಗ ಹೋಗಲು, ಒಂದು ಭಾಗ ಬರಲು, ಉಳಿದದ್ದು ಮುಟ್ಟಬೇಡಿ. ರೂಮಿನವರಿಗೆ ಎಷ್ಟು ಹೊತ್ತಿಗೆ ಬರುತ್ತೇನೆ ಅಂತ ಬರೆದು ಕೊಟ್ಟು ಹೋಗಿ.

ಇಳಕಲ್ ಅಕ್ಕ
ಇದನ್ನು ಮೊದಲೇ ಹೇಳಿದ್ದರೆ ಜಗಳವೇ ಆಗುತ್ತಿರಲಿಲ್ಲ ರೀ.

ಗುಮ್ಮಟನಗರಿ
ತಿನ್ನೋಕೆ ಏನು ಒಯ್ಯುತ್ತೀರಿ ಎಲ್ಲರೂ? ನಾನು ಖಟಕ್ ರೊಟ್ಟಿ, ಶೇಂಗಾ ಚಟ್ನಿ. ಡೈವ್ ಆದ ಮೇಲೆ ಹಸಿವು ಅಂದರೆ ಹಸಿವು.

ಟಿಳಕವಾಡಿ ತಾರಾ
ನಾನು ಕುಂದಾ ಡಬ್ಬಿ ಒಯ್ಯುತ್ತೇನೆ, ಗೈಡ್‌ಗೂ ಕೊಡುತ್ತೇನೆ. ಸರಿ, ತೀರ್ಮಾನ ಮಾಡಿದೆ. ಜನವರಿಗೆ ಮೋವಲ್‌ಬೋವಲ್, ದೌಯಿನ್. ತುಲಂಬೆನ್ ಮುಂದಿನ ದಸರಾ ರಜೆಗೆ. ವಾಪಸ್ ಬರುವ ಹಿಂದಿನ ದಿನ ಪೂರ್ತಿ ನೀರಿಗಿಳಿಯದೆ ಸಂತೆ ತಿರುಗುತ್ತೇನೆ. ಮಾಳವಣ ದಾರಿ ಅಣ್ಣಾ, ಬಂಡೆ ಸಾಲು ನೋಡೋಕೆ ಯಾವಾಗ ಹೋಗುತ್ತೀರಿ?

ಮಾಳವಣ ದಾರಿ
ಫೆಬ್ರವರಿ ಎರಡನೇ ಶನಿವಾರ ನಸುಕಿಗೆ ಬಿಡುತ್ತೇವೆ. ನಾನು, ನನ್ನ ಹೆಂಡತಿ, ಖಾನಾಪುರದವರು. ಎರಡು ಸೀಟು ಇದೆ. ರಾತ್ರಿ ಅಲ್ಲೇ ಉಳಿದು ಭಾನುವಾರ ಮಧ್ಯಾಹ್ನ ಘಾಟ್ ಹತ್ತುವುದು. ಸ್ನಾರ್ಕಲ್ ಅಷ್ಟೇ ಮಾಡುವವರಿಗೆ ಘಾಟ್ ಲೆಕ್ಕ ಇಲ್ಲ, ಆದರೆ ಶನಿವಾರ ಯಾರಾದರೂ ಸಿಲಿಂಡರ್ ಡೈವ್ ಮಾಡಿದರೂ ಮಾಡಬಹುದು.

ಬಾದಾಮಿ ಬಸು
ನನಗೊಂದು ಸೀಟು ಹಿಡಿಯಿರಿ ಅಣ್ಣಾ. ಮಾಸ್ಕ್ ಬೆಳಗಾವಿಯಲ್ಲೇ ತಗೊಳ್ಳಲಾ, ಅಲ್ಲೇ ಸಿಗುತ್ತಾ?

ಮಾಳವಣ ದಾರಿ
ಮಾಸ್ಕ್ ನಿಮ್ಮದೇ ಇರಲಿ ಬಸು, ಬಾಡಿಗೆಯದು ಮುಖಕ್ಕೆ ಕೂರುವುದಿಲ್ಲ. ಅಂಗಡಿಯಲ್ಲಿ ಪಟ್ಟಿ ಹಾಕದೆ ಮುಖಕ್ಕೆ ಹಚ್ಚಿ, ಮೂಗಿನಿಂದ ಉಸಿರು ಎಳೆಯಿರಿ. ಕೈ ಬಿಟ್ಟರೂ ಬೀಳದೆ ನಿಂತರೆ ಅದೇ ನಿಮ್ಮ ಅಳತೆ. ಮೀಸೆ ಇದ್ದರೆ ಮೂಗಿನ ಕೆಳಗೆ ಸ್ವಲ್ಪ ಟ್ರಿಮ್ ಮಾಡಿಸಿ, ಇಲ್ಲದಿದ್ದರೆ ಅಲ್ಲಿಂದಲೇ ನೀರು ಸೋರುತ್ತದೆ.